ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರಿಗೆ ನುಂಗೋದು ಕಷ್ಟವೇ? ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮಾವನವರಿಗೆ ಲಕ್ವಾ ಹೊಡೆದು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಊಟದ ಬಗ್ಗೆ ಇದ್ದದ್ದು ಎರಡೇ ಪದ: ಸಾಫ್ಟ್ ಡಯಟ್. ಸರಿ ಅಂತ ರೊಟ್ಟಿ ಬಿಡಿಸಿದೆವು. ಗಂಜಿ ತಿಳಿ, ಎಳನೀರು, ನೀರು ಮಜ್ಜಿಗೆ ಧಾರಾಳವಾಗಿ ಕೊಟ್ಟೆವು. ಮೆತ್ತಗಿನದು ಅಂದರೆ ತೆಳ್ಳಗಿನದು ಅಂತ ನಮ್ಮ ಲೆಕ್ಕ. ಐದನೇ ದಿನ ಜ್ವರ ಬಂತು. ಆರನೇ ದಿನ ಮತ್ತೆ ಆಸ್ಪತ್ರೆ, ಈ ಸಲ ನ್ಯುಮೋನಿಯಾ.

ಎರಡನೇ ಸಲ ಸೇರಿದಾಗ ಒಬ್ಬ ವಾಕ್ ತಜ್ಞೆ ಬಂದು ಮಾವನ ಗಂಟಲ ಮೇಲೆ ಎರಡು ಬೆರಳಿಟ್ಟು, ಚಮಚದಲ್ಲಿ ನೀರು ಕೊಟ್ಟು ನೋಡಿದರು. 'ಇವರಿಗೆ ರೊಟ್ಟಿಗಿಂತ ನೀರೇ ಹೆಚ್ಚು ಅಪಾಯ' ಅಂದರು. ಅಲ್ಲಿಂದ ನಮ್ಮ ಅಡುಗೆಮನೆಯ ಲೆಕ್ಕವೇ ತಲೆಕೆಳಗಾಯಿತು. ಆಮೇಲೆ ಎಂಟು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ವೈದ್ಯೆ ಅಲ್ಲ. ನಿಮ್ಮ ರೋಗಿಗೆ ತಜ್ಞರು ಬೇರೆ ಹೇಳಿದ್ದರೆ ಅವರ ಮಾತೇ ಕೊನೆ.

ನೀರು ಯಾಕೆ ಅಪಾಯ?

ಗಂಟಲಲ್ಲಿ ಎರಡು ದಾರಿ ಇವೆ. ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ. ನುಂಗುವಾಗ ಸುಮಾರು ಒಂದು ಸೆಕೆಂಡು ಉಸಿರಿನ ದಾರಿಯ ಬಾಗಿಲು ಮುಚ್ಚಿ, ತುತ್ತು ಹಿಂದಿನ ದಾರಿಗೆ ಇಳಿಯುತ್ತದೆ. ಲಕ್ವಾ, ಪಾರ್ಕಿನ್ಸನ್, ಮರೆವಿನ ಕಾಯಿಲೆ, ಬಾಯಿ ಅಥವಾ ಗಂಟಲ ಕ್ಯಾನ್ಸರಿನ ಆಪರೇಷನ್ ಮತ್ತು ರೇಡಿಯೇಷನ್, ಬಹಳ ದಿನ ವೆಂಟಿಲೇಟರ್ ಕೊಳವೆಯಲ್ಲಿ ಇದ್ದದ್ದು, ಇವು ಯಾವುದಾದರೂ ಆ ಬಾಗಿಲನ್ನು ನಿಧಾನ ಮಾಡಬಹುದು. ಗಟ್ಟಿ ತುತ್ತು ಮೆಲ್ಲಗೆ ಜಾರುತ್ತದೆ, ಬಾಗಿಲಿಗೆ ಸಮಯ ಸಿಗುತ್ತದೆ. ನೀರು ಕಾಯುವುದಿಲ್ಲ. ಬಾಗಿಲು ಮುಚ್ಚುವ ಮುಂಚೆಯೇ ಓಡಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೋಗುವಾಗ ಬಾಯಿಯ ಕೊಳೆಯನ್ನೂ ಕರೆದುಕೊಂಡು ಹೋಗುತ್ತದೆ.

ಕೆಮ್ಮು ಬಂದರೆ ಗೊತ್ತಾಗುತ್ತೆ ಅಲ್ವಾ ಅಂತ ನಾವೂ ಅಂದುಕೊಂಡಿದ್ದೆವು. ಕೆಲವರಿಗೆ ಕೆಮ್ಮೇ ಬರುವುದಿಲ್ಲ, ಗಂಟಲ ಸ್ಪರ್ಶವೇ ಮಂದವಾಗಿರುತ್ತದೆ. ನೀರು ಕುಡಿದ ಮೇಲೆ 'ಆ' ಅನ್ನಿಸಿ. ದನಿ ಒದ್ದೆಯಾಗಿ ಗೊರಗೊರ ಅಂದರೆ, ನೀರು ದನಿಪೆಟ್ಟಿಗೆಯ ಹತ್ತಿರ ನಿಂತಿರಬಹುದು ಅಂತ ತಿಳಿಯಿರಿ. ಮಾವನಿಗೆ ಮೊದಲ ವಾರ ಪೂರ್ತಿ ಹಾಗೇ ಇತ್ತು. ಕಫ ಅಂದುಕೊಂಡು ಬಿಸಿನೀರು ಕೊಟ್ಟಿದ್ದೆವು!

ಹೆಜ್ಜೆ 1: ಮನೆಗೆ ಹೊರಡುವ ಮೊದಲು ಬರೆಸಿಕೊಳ್ಳಿ

'ಸಾಫ್ಟ್ ಡಯಟ್' ಅಂದರೆ ಸಾಲದು. ಆಹಾರ ಎಷ್ಟು ಮೆತ್ತಗೆ, ದ್ರವ ಎಷ್ಟು ಗಟ್ಟಿ, ಎರಡನ್ನೂ ಸಂಖ್ಯೆಯಲ್ಲಿ ಕೇಳಿ. ಇದಕ್ಕೆ ಐಡಿಡಿಎಸ್‌ಐ ಅನ್ನುವ ಅಳತೆ ಇದೆ, 0ರಿಂದ 7ರವರೆಗೆ. ಕುಡಿಯುವುದಕ್ಕೆ 0ರಿಂದ 4: ಮಾಮೂಲಿ ನೀರು 0, ಚಮಚದಲ್ಲಿ ತಿನ್ನುವಷ್ಟು ಗಟ್ಟಿಯಾದದ್ದು 4. ತಿನ್ನುವುದಕ್ಕೆ 3ರಿಂದ 7: 4 ಅಂದರೆ ಗಂಟಿಲ್ಲದೆ ರುಬ್ಬಿದ್ದು, 5 ಅಂದರೆ ಸಣ್ಣಗೆ ಹೆಚ್ಚಿ ತೇವ ಮಾಡಿದ್ದು, 6 ಅಂದರೆ ಮೆತ್ತಗಿನ ಸಣ್ಣ ತುಂಡು, 7 ಅಂದರೆ ಎಲ್ಲರ ಊಟ.

ಮಾತ್ರೆ ಹೇಗೆ ಕೊಡಬೇಕು, ಕುತ್ತಿಗೆ ಹೇಗಿರಬೇಕು, ಮತ್ತೆ ಯಾವಾಗ ಪರೀಕ್ಷೆ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಇವನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ. ಆಸ್ಪತ್ರೆಯಲ್ಲಿ ಒಂದು ಹೊತ್ತಿನ ಊಟವನ್ನು ನರ್ಸ್ ಎದುರಿಗೆ ನೀವೇ ಮಾಡಿಸಿ. ನೋಡಿದ್ದಕ್ಕೂ ಮಾಡಿದ್ದಕ್ಕೂ ಬಹಳ ವ್ಯತ್ಯಾಸ ಇದೆ.

ನುಂಗುವುದನ್ನು ಪರೀಕ್ಷಿಸುವವರು ವಾಕ್ ಮತ್ತು ಶ್ರವಣ ತಜ್ಞರು. ಮಾತಿನ ಡಾಕ್ಟರಿಗೂ ಊಟಕ್ಕೂ ಏನು ಸಂಬಂಧ ಅಂತ ನಮ್ಮ ಮನೆಯಲ್ಲೂ ಕೇಳಿದರು. ಎರಡಕ್ಕೂ ಅದೇ ನಾಲಿಗೆ, ಅದೇ ಗಂಟಲು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನೂ ನೋಡುತ್ತಾರೆ, ಆದರೆ ನಮ್ಮ ಕಡೆಯಿಂದ ಅದು ದೂರ. ಬೇರಿಯಂ ಬೆರೆಸಿದ ಆಹಾರ ನುಂಗಿಸುತ್ತ ಎಕ್ಸ್‌ರೇ ವಿಡಿಯೊ ತೆಗೆಯುವುದು, ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಗಂಟಲು ನೋಡುವುದು, ಇವೆರಡು ದೊಡ್ಡ ಪರೀಕ್ಷೆಗಳು. ಎಲ್ಲರಿಗೂ ಬೇಕಾಗುವುದಿಲ್ಲ.

ಹೆಜ್ಜೆ 2: ಕೂರಿಸುವುದು

ಹಾಸಿಗೆಯಲ್ಲಿ ಅರ್ಧ ಮಲಗಿಸಿ ತಿನ್ನಿಸಬೇಡಿ. ಬೆನ್ನು ನೆಟ್ಟಗೆ, ಸೊಂಟ ಕುರ್ಚಿಯ ಹಿಂಬದಿಗೆ ತಾಗಿರಬೇಕು. ಸೋತ ಕೈಯ ಕಡೆ ವಾಲದಂತೆ ಒಂದು ದಿಂಬು ಇಡಿ. ಕಾಲು ನೇತಾಡಿದರೆ ಮೈ ಜಾರುತ್ತದೆ, ಗದ್ದ ಮೇಲೇರುತ್ತದೆ. ನಾವು ಮಾವನ ಪಾದದ ಕೆಳಗೆ ಊಟದ ಮಣೆ ಇಟ್ಟೆವು. ಐವತ್ತು ವರ್ಷ ಅದರ ಮೇಲೆ ಕೂತು ಉಂಡವರು, ಈಗ ಅದರ ಮೇಲೆ ಕಾಲಿಟ್ಟು ಉಣ್ಣಲು ಮೊದಲು ಒಪ್ಪಲೇ ಇಲ್ಲ. ಕೊನೆಗೆ ಬಡಗಿಯ ಹತ್ತಿರ ಬೇರೆ ಹಲಗೆ ಮಾಡಿಸಿದೆವು.

ಗದ್ದ ಸ್ವಲ್ಪ ಕೆಳಗಿರಲಿ, ತಲೆ ಹಿಂದಕ್ಕೆ ಮಾತ್ರ ಹೋಗಬಾರದು. ಗದ್ದವನ್ನು ಎದೆಗೆ ಒತ್ತಿಕೊಂಡು ನುಂಗುವುದು, ತಲೆಯನ್ನು ಒಂದು ಕಡೆ ತಿರುಗಿಸಿ ನುಂಗುವುದು ಇಂಥವು ಕೆಲವರಿಗೆ ಅನುಕೂಲ, ಕೆಲವರಿಗೆ ತೊಂದರೆ. ತಜ್ಞರು ಹೇಳದೆ ಮಾಡಿಸಬೇಡಿ. ಊಟ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಕೂತೇ ಇರಲಿ.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ನಾವು ತಂಬಿಗೆ ಎತ್ತಿ ಕುಡಿಯುವವರು. ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಚೆಲ್ಲಿ, ಗಂಟಲಿಗೆ ನೇರ ಸುರಿದುಕೊಳ್ಳುವುದು. ನುಂಗಲು ಕಷ್ಟ ಇರುವವರಿಗೆ ಇದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ. ತಲೆ ಹಿಂದಕ್ಕೆ ಹೋದರೆ ಉಸಿರಿನ ದಾರಿ ತೆರೆದುಕೊಳ್ಳುತ್ತದೆ, ನೀರು ಜೋರಾಗಿ ಬೀಳುತ್ತದೆ. ಮೂರು ಹೊತ್ತು ನೆನಪು ಮಾಡಿದರೂ ಮಾವನ ಕೈ ತಾನಾಗಿಯೇ ಮೇಲೇಳುತ್ತಿತ್ತು. ತಂಬಿಗೆಯನ್ನು ಅವರ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದೇ ಉಪಾಯ. ಅಗಲ ಬಾಯಿಯ ಸಣ್ಣ ಬಟ್ಟಲು ಮತ್ತು ಚಮಚ ಕೊಟ್ಟೆವು. ಸ್ಟ್ರಾ ಕೂಡ ಬೇಡ, ತಜ್ಞರು ಹೇಳಿದ್ದರೆ ಮಾತ್ರ.

ಹೆಜ್ಜೆ 3: ತುತ್ತು ಕೊಡುವುದು

ಟಿವಿ ಆರಿಸಿ. ನೀವು ನಿಂತುಕೊಂಡು ಕೊಟ್ಟರೆ ಅವರು ತಲೆ ಎತ್ತಿ ನೋಡುತ್ತಾರೆ, ಆದ್ದರಿಂದ ಎದುರಿಗೆ ಅವರಷ್ಟೇ ಎತ್ತರದಲ್ಲಿ ಕೂತುಕೊಳ್ಳಿ. ಪೂರ್ತಿ ಎಚ್ಚರ ಇದ್ದಾಗ ಮಾತ್ರ ಕೊಡಿ. ಮಾತ್ರೆಯ ಮಂಪರು ಇದ್ದರೆ ಒಂದು ಗಂಟೆ ತಡವಾದರೂ ಪರವಾಗಿಲ್ಲ.

ಟೀ ಚಮಚದಲ್ಲಿ ಅರ್ಧ ತೆಗೆದುಕೊಳ್ಳಿ. ಚಮಚವನ್ನು ನಾಲಿಗೆ ಮೇಲೆ ಸಮನಾಗಿ ಇಟ್ಟು, ಅವರು ತುಟಿ ಮುಚ್ಚಿದ ಮೇಲೆ ಹೊರಗೆ ತೆಗೆಯಿರಿ. ಮೇಲಿನ ಹಲ್ಲಿಗೆ ಒರೆಸಿ ಸುರಿದರೆ ತಲೆ ಹಿಂದಕ್ಕೆ ಹೋಗುತ್ತದೆ. ಒಂದು ಕಡೆ ಮುಖ ಸೋತಿದ್ದರೆ ಗಟ್ಟಿ ಇರುವ ಕಡೆ ಇಡಿ. ಆಮೇಲೆ ಗಂಟಲ ಮುಂದಿನ ಗಟ್ಟಿ ಉಬ್ಬನ್ನು ನೋಡುತ್ತಿರಿ. ಅದು ಮೇಲೆ ಹೋಗಿ ಕೆಳಗೆ ಇಳಿದರೆ ನುಂಗಿದರು ಅಂತ ಲೆಕ್ಕ. ಬಾಯಿ ಆಡಿಸಿದ್ದು ಲೆಕ್ಕಕ್ಕಿಲ್ಲ. ಇಳಿಯುವ ತನಕ ಮುಂದಿನ ತುತ್ತು ಇಲ್ಲ. ಬಾಯಲ್ಲಿ ಏನಾದರೂ ಉಳಿದಿದ್ದರೆ 'ಇನ್ನೊಮ್ಮೆ ಸುಮ್ನೆ ನುಂಗ್ರಿ' ಅನ್ನಿ.

ಮಧ್ಯದಲ್ಲಿ ಮಾತಾಡಿಸಬೇಡಿ. ಇದು ನನಗೆ ಬಹಳ ಕಷ್ಟವಾಯಿತು, ಯಾಕೆಂದರೆ ಮಾವ ಊಟದ ಹೊತ್ತಿಗೇ ಹೊಲದ ಸುದ್ದಿ ಕೇಳುವವರು. ಉತ್ತರ ಕೊಡಲು ಬಾಯಿ ತೆರೆದರೆ ಉಸಿರು ಒಳಗೆ ಹೋಗುತ್ತದೆ, ಜೊತೆಗೆ ತುತ್ತೂ.

ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಆದರೆ ದಣಿವು ಬರುತ್ತದೆ, ದಣಿದ ಗಂಟಲು ತಪ್ಪು ಮಾಡುತ್ತದೆ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಮಾಡಿಸಿ. ಕೊನೆಯಲ್ಲಿ ಸೋತ ಕಡೆಯ ಕೆನ್ನೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಮಾವನ ಎಡಗೆನ್ನೆಯಲ್ಲಿ ಒಮ್ಮೆ ಬೆಳಗಿನ ಊಟ ಸಂಜೆ ಸಿಕ್ಕಿತ್ತು.

ಪಾರ್ಕಿನ್ಸನ್ ಇರುವವರಿಗೆ ಮಾತ್ರೆ ಕೆಲಸ ಮಾಡುವ ಹೊತ್ತಿಗೆ ಊಟ ಬರುವಂತೆ ಸಮಯ ಹೊಂದಿಸಿ, ವೈದ್ಯರನ್ನು ಕೇಳಿ. ಮರೆವಿನ ಕಾಯಿಲೆಯವರು ತುತ್ತು ಬಾಯಲ್ಲಿದೆ ಅನ್ನುವುದನ್ನೇ ಮರೆಯುತ್ತಾರೆ. ಖಾಲಿ ಚಮಚವನ್ನು ತುಟಿಗೆ ತಾಗಿಸಿದರೆ ಎಷ್ಟೋ ಸಲ ನುಂಗುತ್ತಾರೆ.

ಹೆಜ್ಜೆ 4: ದ್ರವವನ್ನು ಅಳೆಯುವುದು

ಔಷಧಿ ಅಂಗಡಿಯಿಂದ 10 ಎಂಎಲ್ ಸಿರಿಂಜ್ ತನ್ನಿ. 0ರಿಂದ 10ರ ಗೆರೆಯ ತನಕ 61.5 ಮಿಲಿಮೀಟರ್ ಉದ್ದ ಇರಬೇಕು, ಸ್ಕೇಲಿನಿಂದ ನೋಡಿ. ಸೂಜಿ ಬೇಡ. ಒಳಗಿನ ಪಿಸ್ಟನ್ ತೆಗೆದುಬಿಡಿ. ತುದಿಗೆ ಬೆರಳು ಒತ್ತಿ 10ರ ತನಕ ದ್ರವ ತುಂಬಿ. ಬೆರಳು ಬಿಟ್ಟು ಹತ್ತು ಸೆಕೆಂಡು ಎಣಿಸಿ ಮತ್ತೆ ಒತ್ತಿ. ಒಳಗೆ ಎಷ್ಟು ಉಳಿಯಿತು ನೋಡಿ. 1ಕ್ಕಿಂತ ಕಡಿಮೆ ಉಳಿದರೆ ಮಟ್ಟ 0. 1ರಿಂದ 4ರವರೆಗೆ ಉಳಿದರೆ ಮಟ್ಟ 1, 4ರಿಂದ 8 ಆದರೆ ಮಟ್ಟ 2, 8ಕ್ಕಿಂತ ಹೆಚ್ಚು ಉಳಿದರೆ ಮಟ್ಟ 3. ಏನೂ ಇಳಿಯದಿದ್ದರೆ ಅದು 4 ಇರಬಹುದು. ಆಗ ಚಮಚ ಓರೆ ಮಾಡಿ ನೋಡಿ: ಆಕಾರ ಹಿಡಿದು ನಿಂತು, ಓರೆ ಮಾಡಿದಾಗ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು. ಚಮಚಕ್ಕೇ ಅಂಟಿಕೊಂಡರೆ ಗಂಟಲಿಗೂ ಅಂಟುತ್ತದೆ.

ಗಟ್ಟಿ ಮಾಡಲು ಎರಡು ಬಗೆಯ ಪುಡಿ ಸಿಗುತ್ತವೆ. ಕ್ಸಾಂಥನ್ ಗಮ್ ಇರುವುದು, ಪಿಷ್ಟದಿಂದ ಮಾಡಿದ್ದು. ಡಬ್ಬಿಯಿಂದ ಡಬ್ಬಿಗೆ ಚಮಚದ ಲೆಕ್ಕ ಬೇರೆ, ಡಬ್ಬಿ ಬದಲಾದರೆ ಮತ್ತೆ ಸಿರಿಂಜಿನಲ್ಲಿ ಅಳೆಯಿರಿ. ಹಾಲು ಹಾಕಿದ ಚಾ ಗಟ್ಟಿಯಾಗಲು ನೀರಿಗಿಂತ ಜಾಸ್ತಿ ಹೊತ್ತು ಬೇಕು. ಅವಸರ ಮಾಡಿ ಇನ್ನೊಂದು ಚಮಚ ಸುರಿದರೆ ಹತ್ತು ನಿಮಿಷದಲ್ಲಿ ಗೋಂದು ಆಗುತ್ತದೆ. ಒಂದು ಎಚ್ಚರ ಇದೆ, ಇದು ನಮಗೆ ಯಾರೂ ಹೇಳಿರಲಿಲ್ಲ. ಮಲಬದ್ಧತೆಗೆ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಪಿಷ್ಟದಿಂದ ಮಾಡಿದ ಈ ಗಟ್ಟಿ ಮಾಡುವ ಪುಡಿಯ (ಥಿಕ್ನರ್) ಜೊತೆ ಬೆರೆಸಿದರೆ ಗಟ್ಟಿಯಾದದ್ದು ಮತ್ತೆ ನೀರಾಗುತ್ತದೆ. ಕೆಮ್ಮಿನ ಸಿರಪ್, ಓಆರ್‌ಎಸ್ ಇವೂ ನೀರೇ. ಅವನ್ನೂ ಲೆಕ್ಕಕ್ಕೆ ತಗೊಳ್ಳಿ.

ಪುಡಿ ದುಬಾರಿ ಅನ್ನಿಸಿದರೆ ನಮ್ಮ ಅಂಬಲಿ ಇದೆ. ಎರಡು ಚಮಚ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದು ಲೋಟ ನೀರಿಗೆ ಬಿಟ್ಟು, ಕೈ ಬಿಡದೆ ತಿರುವುತ್ತ ಹತ್ತು ನಿಮಿಷ ಬೇಯಿಸಿ. ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಅಂಬಲಿ ಬಿಸಿ ಇದ್ದಾಗ ತೆಳ್ಳಗೆ, ಆರಿದ ಮೇಲೆ ಗಟ್ಟಿ. ಅದಕ್ಕೇ ಕೊಡುವಾಗ ಎಷ್ಟು ಬಿಸಿ ಇರುತ್ತದೋ ಆಗಲೇ ಸಿರಿಂಜಿನಲ್ಲಿ ನೋಡಬೇಕು. ಹಿಟ್ಟಿಗೆ ತಕ್ಕಂತೆ ಅಳತೆ ನೀವೇ ಹೊಂದಿಸಿಕೊಳ್ಳಿ, ತಜ್ಞರಿಗೂ ಒಮ್ಮೆ ತೋರಿಸಿ. ಜೊಲ್ಲಿನಲ್ಲಿ ಪಿಷ್ಟ ಕರಗಿಸುವ ಗುಣ ಇದೆ. ಬಾಯಿಗೆ ಹೋದ ಚಮಚವನ್ನು ಮತ್ತೆ ದೊಡ್ಡ ಪಾತ್ರೆಗೆ ಅದ್ದಿದರೆ ಸ್ವಲ್ಪ ಹೊತ್ತಿಗೆ ಪೂರ್ತಿ ಅಂಬಲಿ ತೆಳ್ಳಗಾಗುತ್ತದೆ. ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಾಕಿಕೊಂಡು ಕೊಡಿ.

ಗಟ್ಟಿ ಮಾಡಿದ ದ್ರವ ಯಾರಿಗೂ ಇಷ್ಟ ಆಗುವುದಿಲ್ಲ, ಹಾಗಾಗಿ ಕುಡಿಯುವುದೇ ಕಡಿಮೆ ಆಗುತ್ತದೆ. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ ಇದು ಚೇಷ್ಟೆಯ ಮಾತಲ್ಲ. ದಿನಕ್ಕೆ ಎಷ್ಟು ದ್ರವ ಅಂತ ವೈದ್ಯರನ್ನು ಕೇಳಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಲೆಕ್ಕ ಬೇರೆ. ನಾವು ಬೆಳಗ್ಗೆಯೇ ಒಂದು ಬಾಟಲಿಯಲ್ಲಿ ದಿನದ ನೀರು ಅಳೆದಿಟ್ಟು, ಅದರಿಂದಲೇ ತೆಗೆದು ಗಟ್ಟಿ ಮಾಡುತ್ತಿದ್ದೆವು. ಸಂಜೆ ಎಷ್ಟು ಉಳಿದಿದೆ ಅಂತ ನೋಡಿದರೆ ಗೊತ್ತಾಗುತ್ತಿತ್ತು. ನಾಲಿಗೆ ಒಣಗಿದ್ದರೆ, ಮೂತ್ರ ಕಡುಹಳದಿ ಆಗಿದ್ದರೆ ಕಡಿಮೆ ಬಿದ್ದಿದೆ.

ಹೆಜ್ಜೆ 5: ನಮ್ಮ ಊಟವನ್ನೇ ಬದಲಿಸುವುದು

ಮೊದಲ ತಿಂಗಳು ನಾನು ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕುತ್ತಿದ್ದೆ. ಅನ್ನ, ಬೇಳೆ, ಪಲ್ಯ ಎಲ್ಲ ಸೇರಿ ಬೂದು ಬಣ್ಣದ ಮುದ್ದೆ. ಮಾವ ಎರಡು ಚಮಚ ತಿಂದು ಮುಖ ತಿರುಗಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ನಾನೇ ತಿಂದು ನೋಡಿದೆ. ಅವರ ತಪ್ಪಿರಲಿಲ್ಲ.

ಬೇರೆ ಬೇರೆ ರುಬ್ಬಿ, ಗಂಗಾಳದಲ್ಲಿ ಬೇರೆ ಬೇರೆ ಇಡಿ. ರುಬ್ಬಲು ನೀರು ಹಾಕಬೇಡಿ. ನೀರು ಹಾಕಿದಷ್ಟೂ ಚಮಚದಲ್ಲಿ ಬಲ ಕಡಿಮೆ. ಹಾಲು, ಗಟ್ಟಿ ಬೇಳೆ, ತುಪ್ಪ ಹಾಕಿ. ಅನ್ನ ಮಿಕ್ಸಿಯಲ್ಲಿ ರುಬ್ಬಿದರೆ ಅಂಟು ಬರುತ್ತದೆ, ತಣ್ಣಗಾದರಂತೂ ಗೋಂದು. ಬಿಸಿ ಇದ್ದಾಗ ತುಪ್ಪ ಹಾಕಿ ರುಬ್ಬಿ ಬಿಸಿಯಾಗಿಯೇ ಕೊಡಿ, ಚಮಚ ಓರೆ ಮಾಡಿ ನೋಡುವುದನ್ನು ಮರೆಯಬೇಡಿ.

ಮಾವನಿಗೆ ಮತ್ತೆ ಊಟದ ಮೇಲೆ ಮನಸ್ಸು ಬಂದದ್ದು ಝುಣಕದಿಂದ. ಕಡಲೆಹಿಟ್ಟು ನುಣ್ಣಗೆ ಬೆಂದರೆ ತಾನಾಗಿಯೇ ಮಟ್ಟ 4ಕ್ಕೆ ಹತ್ತಿರ ಬರುತ್ತದೆ. ಒಗ್ಗರಣೆಯ ಸಾಸಿವೆ, ಜೀರಿಗೆ, ಕರಿಬೇವು ಎಣ್ಣೆಯಲ್ಲಿ ಘಮ ಬಿಟ್ಟ ಮೇಲೆ ಎಣ್ಣೆ ಸೋಸಿ, ಆ ಎಣ್ಣೆಯಲ್ಲಿ ಬೆಳ್ಳುಳ್ಳಿ ಪೇಸ್ಟ್, ಅರಿಸಿನ, ಒಂಚೂರು ಖಾರ ಹಾಕಿ, ಹಿಟ್ಟು ಕಲಸಿದ ನೀರು ಸುರಿದು ಚೆನ್ನಾಗಿ ಕುದಿಸಿದೆ. ಉಳ್ಳಾಗಡ್ಡಿ ಹಾಕಲಿಲ್ಲ. ಮೊದಲ ಚಮಚ ಬಾಯಿಗಿಟ್ಟಾಗ ಮಾವ ಕಣ್ಣು ಮುಚ್ಚಿಕೊಂಡರು. ಮಾತು ಇನ್ನೂ ಸರಿ ಬಂದಿರಲಿಲ್ಲ. ಚಮಚದ ಕಡೆ ಕೈ ತೋರಿಸಿದರು, ಅಷ್ಟೇ.

ಎಣ್ಣೆಗಾಯಿ ಬದನೆಯ ಸಿಪ್ಪೆ ತೆಗೆದು ಒಳಗಿನದನ್ನು ಜರಡಿಯಲ್ಲಿ ತೀಡಿದರೆ ಬೀಜ ಮೇಲೆ ಉಳಿಯುತ್ತದೆ. ಗಟ್ಟಿ ಮೊಸರು ಒಳ್ಳೆಯದು, ಆದರೆ ಮೇಲೆ ನಿಂತ ನೀರನ್ನು ಬಸಿದು ಕಡೆಯಿರಿ, ಆ ನೀರು ಮಟ್ಟ 0. ಪೂರ್ತಿ ಕಳಿತ ಬಾಳೆಹಣ್ಣಿನ ಶೀಕರಣಿ ನುಣ್ಣಗೆ ರುಬ್ಬಿ ಕೊಡಬಹುದು, ನಾರಿಲ್ಲದ ಮಾವಿನ ರಸವನ್ನೂ ಅಳತೆ ನೋಡಿ ಕೊಡಬಹುದು.

ಬೇಡವಾದವು ಬಹಳ ಇವೆ. ಹಾಲಲ್ಲಿ ನೆನೆಸಿದ ರೊಟ್ಟಿ ಮೆತ್ತಗಿದೆ ಅಂತ ಎಲ್ಲರೂ ಕೊಡುತ್ತಾರೆ. ಅದು ಎರಡು ಪದಾರ್ಥ ಒಂದೇ ತುತ್ತಲ್ಲಿ ಇದ್ದಂತೆ: ಬಾಯಿ ತುಂಡನ್ನು ನೋಡಿಕೊಳ್ಳುತ್ತಿರುವಾಗ ಹಾಲು ಗಂಟಲಿಗೆ ಓಡಿರುತ್ತದೆ. ನುಚ್ಚು-ಮಜ್ಜಿಗೆಗೂ ಇದೇ ಮಾತು, ಚಾದಲ್ಲಿ ಅದ್ದಿದ ಬಿಸ್ಕೀಟಿಗೂ ಇದೇ. ವಿಜಯಪುರದ ದ್ರಾಕ್ಷಿ ಎಷ್ಟೇ ಸಿಹಿ ಇದ್ದರೂ ಒಳಗೆ ನೀರು, ಹೊರಗೆ ಸಿಪ್ಪೆ, ಮೇಲಾಗಿ ಗಂಟಲಿಗೆ ಸರಿಯಾಗಿ ಕೂರುವ ಗಾತ್ರ. ಕಲ್ಲಂಗಡಿ, ಮೋಸಂಬಿ ತೊಳೆ ಬೇಡ. ಚುರುಮುರಿ, ಶೇಂಗಾ, ಚಟ್ನಿಪುಡಿ, ಒಣ ಝುಣಕದ ವಡಿ, ಕರದಂಟು, ಬ್ರೆಡ್ಡು ಇವನ್ನು ಕೈಗೆಟುಕುವಲ್ಲೂ ಇಡಬೇಡಿ. ಐಸ್‌ಕ್ರೀಂ ಬಾಯಲ್ಲಿ ಕರಗಿ ನೀರಾಗುತ್ತದೆ.

ಮಟ್ಟ 5ಕ್ಕೆ ಬಂದ ಮೇಲೆ ದೊಡ್ಡವರಿಗೆ ತುಣುಕು 4 ಮಿಲಿಮೀಟರ್ ಮೀರಬಾರದು. ಮಾಮೂಲಿ ಫೋರ್ಕಿನ ಹಲ್ಲುಗಳ ನಡುವಿನ ಸಂದು ಸುಮಾರು ಅಷ್ಟೇ ಇರುತ್ತದೆ. ಮಟ್ಟ 6ಕ್ಕೆ ಒಂದೂವರೆ ಸೆಂಟಿಮೀಟರ್.

ಹೆಜ್ಜೆ 6: ಮಾತ್ರೆ

ಎಲ್ಲ ಮಾತ್ರೆಯನ್ನೂ ಪುಡಿ ಮಾಡಬೇಡಿ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಇದ್ದರೆ ಅದು ದಿನವಿಡೀ ನಿಧಾನವಾಗಿ ಕರಗಲು ಮಾಡಿದ್ದು. ಪುಡಿ ಮಾಡಿದರೆ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಸ್‌ಆರ್ ಇಂಥದ್ದು. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳ ಮೇಲೆ ಹೊಟ್ಟೆಯ ಆಮ್ಲ ತಡೆಯುವ ಲೇಪ ಇರುತ್ತದೆ, ಅದನ್ನೂ ಒಡೆಯಬಾರದು. ಪೂರ್ತಿ ಚೀಟಿಯನ್ನು ವೈದ್ಯರ ಅಥವಾ ಔಷಧಿ ಅಂಗಡಿಯವರ ಮುಂದಿಟ್ಟು ಒಂದೊಂದಕ್ಕೂ ಕೇಳಿ, ಬದಲಿ ರೂಪ ಇದ್ದರೆ ಬರೆಸಿಕೊಳ್ಳಿ. ಪುಡಿ ಮಾಡಬಹುದಾದದ್ದನ್ನು ಒಂದು ಚಮಚ ಗಟ್ಟಿ ಮೊಸರಲ್ಲಿ, ಒಂದು ಸಲಕ್ಕೆ ಒಂದೇ ಮಾತ್ರೆ.

ಹೆಜ್ಜೆ 7: ಬಾಯಿ

ಇದನ್ನು ಎಲ್ಲರೂ ಮರೆಯುತ್ತಾರೆ. ನಾನಂತೂ ಊಟಕ್ಕಿಂತ ಇದೇ ಮುಖ್ಯ ಅನ್ನುವವಳು. ಜೊಲ್ಲು ದಿನವಿಡೀ ಗಂಟಲಿಗೆ ಇಳಿಯುತ್ತಲೇ ಇರುತ್ತದೆ, ಸ್ವಲ್ಪ ತಪ್ಪು ದಾರಿಗೂ ಹೋಗುತ್ತದೆ. ಬಾಯಿ ಸ್ವಚ್ಛ ಇದ್ದರೆ ಅದರ ಜೊತೆ ಹೋಗುವ ರೋಗಾಣು ಕಡಿಮೆ. ಮೆತ್ತಗಿನ ಬ್ರಷ್, ಸ್ವಲ್ಪವೇ ಪೇಸ್ಟ್, ದಿನಕ್ಕೆ ಎರಡು ಸಲ, ಕೂರಿಸಿಯೇ. ಹಲ್ಲಿಲ್ಲದಿದ್ದರೂ ವಸಡು, ನಾಲಿಗೆ ಒರೆಸಬೇಕು. ಉಗುಳಲು ಬರದಿದ್ದರೆ ಒದ್ದೆ ಗಾಜ್ ಬಟ್ಟೆಯಿಂದ ತೆಗೆಯಿರಿ, ಮುಕ್ಕಳಿಸಲು ನೀರು ಕೊಡಬೇಡಿ. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ತೊಳೆದಿಡಿ. ಎಲೆ ಅಡಿಕೆ, ತಂಬಾಕು ಪೂರ್ತಿ ನಿಲ್ಲಬೇಕು. ಮಾವನ ದಿಂಬಿನ ಕೆಳಗೆ ಎರಡು ಸಲ ಅಡಿಕೆ ಚೂರು ಸಿಕ್ಕಿತ್ತು. ತಂದುಕೊಟ್ಟವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಹೆಜ್ಜೆ 8: ನೋಡಲು ಬರುವವರು

ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ನಮ್ಮ ಕಡೆ ಹಿರಿಯರಿಗೆ ಹುಷಾರಿಲ್ಲ ಅಂದರೆ ಊರೇ ಬರುತ್ತದೆ. ಬರಿಗೈಯಲ್ಲಿ ಬರುವುದಿಲ್ಲ. ಎಳನೀರು, ಬ್ರೆಡ್ಡು, ಬಿಸ್ಕೀಟು, ದ್ರಾಕ್ಷಿ, ಅಂದರೆ ಮೇಲಿನ ಬೇಡದ ಪಟ್ಟಿ ಪೂರ್ತಿ! ಮಾವನ ತಮ್ಮ ಬಂದವರು ನಾನು ಒಳಗೆ ಹೋದ ಎರಡು ನಿಮಿಷದಲ್ಲಿ ತಂಬಿಗೆ ಹುಡುಕಿ ತಂದಿದ್ದರು.

'ಕಾಕಾ, ಬ್ಯಾಡ್ರಿ, ನೀರ್ ಕೊಡಬಾರದಂದಾರ.'

'ಏ, ಬಾಯಾರ್ಯಾನವ್ವ ನಮ್ಮಣ್ಣ. ಒಂದ್ ಗುಟುಕ್ ನೀರಿಗೆ ಏನಾಗ್ತೈತಿ?'

ಅವರಿಗೆ ಅಣ್ಣನ ಮೇಲೆ ಪ್ರೀತಿ. ವಾದ ಮಾಡಿದರೆ ಸೊಸೆ ನೀರೂ ಕೊಡುವುದಿಲ್ಲ ಅನ್ನುವ ಮಾತು ಊರೆಲ್ಲ ಹಬ್ಬುತ್ತದೆ. ಅದಕ್ಕೆ ನಾನು ಕಾಕಾನ ಕೈಗೆ ಗಟ್ಟಿ ಮಾಡಿದ ನೀರಿನ ಬಟ್ಟಲು, ಚಮಚ ಕೊಟ್ಟೆ. ಪಕ್ಕದಲ್ಲಿ ಕೂತು ಹೇಗೆ ಕೊಡುವುದು ಅಂತ ತೋರಿಸಿದೆ. ಆರು ಚಮಚ ಕೊಟ್ಟರು. ಆಮೇಲೆ ಬಂದವರಿಗೆಲ್ಲ 'ಹಂಗ್ ಕೊಡಬಾರದು' ಅಂತ ಅವರೇ ಹೇಳತೊಡಗಿದರು. ನಿಮ್ಮ ಮನೆಯಲ್ಲೂ ಹೀಗೆ ಒಬ್ಬ ಹಿರಿಯರನ್ನು ನಿಮ್ಮ ಕಡೆ ಮಾಡಿಕೊಳ್ಳಿ. ಮಂಚದ ಮೇಲಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ 'ತೆಳು ನೀರು ಕೊಡಬೇಡಿ, ಮನೆಯವರನ್ನು ಕೇಳಿ' ಅಂತ ಬರೆದು ಅಂಟಿಸಿ.

ತೀರ್ಥವಾಗಲಿ ಪಾದೋದಕವಾಗಲಿ, ಬೆರಳದ್ದಿ ತುಟಿಗೆ ಸವರಿದರೆ ಯಾರ ಮನಸ್ಸೂ ನೋಯುವುದಿಲ್ಲ. ಸಂಕ್ರಮಣದ ಹೊತ್ತಿಗೆ ಇನ್ನೂ ಎಚ್ಚರ ಬೇಕು. ಸಿದ್ಧೇಶ್ವರ ಜಾತ್ರೆಗೆ ಬಂದ ನೆಂಟರು ಕಾಲಿಗೆ ಬಿದ್ದು ಹಿರಿಯರ ಬಾಯಿಗೆ ಕುಸುರೆಳ್ಳು ಹಾಕುತ್ತಾರೆ. ಕೈಗೆ ಕೊಡಿ ಸಾಕು ಅಂತ ಬಾಗಿಲಲ್ಲೇ ಹೇಳಿ.

ಮೂಗಿನ ನಳಿಕೆ ಇದ್ದರೆ

ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ನಳಿಕೆ, ಅಂದರೆ ರೈಲ್ಸ್ ಟ್ಯೂಬ್ ಹಾಕಿ ಕಳಿಸಿದ್ದರೆ, ಅದು ಜಾಗದಲ್ಲಿದೆಯಾ ಅಂತ ಪ್ರತಿ ಸಲ ನೋಡುವ ವಿಧಾನವನ್ನು ನರ್ಸ್ ಹತ್ತಿರ ಕಲಿತೇ ಹೊರಡಿ. ಮೂಗಿನ ಹತ್ತಿರದ ಗುರುತು ಸರಿದಿದ್ದರೆ ಏನೂ ಹಾಕಬೇಡಿ. ಗಾಳಿ ಊದಿ ಹೊಟ್ಟೆಯ ಸದ್ದು ಕೇಳುವುದನ್ನಷ್ಟೇ ನಂಬಿ ಕೂರಬೇಡಿ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ ಇರಲಿ. ಸೋಸಿದ ಆಹಾರವನ್ನು 50 ಎಂಎಲ್ ಸಿರಿಂಜಿನಲ್ಲಿ ತಾನಾಗಿಯೇ ಇಳಿಯಲು ಬಿಡಿ, ಒತ್ತಬೇಡಿ. ಮೊದಲೂ ಕೊನೆಗೂ ವೈದ್ಯರು ಹೇಳಿದಷ್ಟು ನೀರು, ಸಾಮಾನ್ಯವಾಗಿ 30 ಎಂಎಲ್, ಬಿಟ್ಟು ನಳಿಕೆ ತೊಳೆಯಿರಿ. ನಡುವೆ ಕೆಮ್ಮು, ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ. ಕಿತ್ತು ಬಂದರೆ ಮನೆಯಲ್ಲಿ ತುರುಕಬೇಡಿ. ನಳಿಕೆ ಇದ್ದರೂ ಜೊಲ್ಲು ಶ್ವಾಸಕೋಶಕ್ಕೆ ಹೋಗಬಹುದು, ಆದ್ದರಿಂದ ಏಳನೇ ಹೆಜ್ಜೆ ಇವರಿಗೂ ಇದೆ.

ಯಾವಾಗ ಓಡಬೇಕು

ಜ್ವರ 100.4 ಮುಟ್ಟಿದರೆ, ಸುಮ್ಮನೆ ಕೂತಾಗಲೂ ಉಸಿರು ನಿಮಿಷಕ್ಕೆ 25 ದಾಟಿದರೆ, ಕಫದ ಬಣ್ಣ ಬದಲಾದರೆ ಅವತ್ತೇ ತೋರಿಸಿ. ವಯಸ್ಸಾದವರಿಗೆ ಜ್ವರ ಬಾರದೆಯೂ ನ್ಯುಮೋನಿಯಾ ಆಗುತ್ತದೆ. ಇದ್ದಕ್ಕಿದ್ದಂತೆ ಮಂಕಾಗುವುದು, ಅಸಂಬದ್ಧ ಮಾತಾಡುವುದು, ಊಟ ಬೇಡ ಅನ್ನುವುದು ಇವೇ ಮೊದಲ ಸೂಚನೆ ಇರಬಹುದು. ವಾರಕ್ಕೊಮ್ಮೆ ತೂಕ ನೋಡಿ. 50 ಕಿಲೊ ಇದ್ದವರು ತಿಂಗಳಲ್ಲಿ ಎರಡೂವರೆ ಕಿಲೊ ಇಳಿದರೆ ವೈದ್ಯರಿಗೆ ಹೇಳಲೇಬೇಕು.

ತುತ್ತು ಸಿಕ್ಕಿಕೊಂಡಾಗ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ನೀರು ಕೊಡಬೇಡಿ, ಬಾಯೊಳಗೆ ಕಾಣದೆ ಬೆರಳು ಹಾಕಬೇಡಿ. ದನಿ, ಉಸಿರು ನಿಂತರೆ ಮುಂದಕ್ಕೆ ಬಾಗಿಸಿ ಎರಡು ಹೆಗಲ ಎಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಜೋರಾಗಿ ಹೊಡೆಯಿರಿ. ಆಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಹೊರಬರುವ ತನಕ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಜ್ಞೆ ತಪ್ಪಿದರೆ ಮಲಗಿಸಿ ಎದೆ ಒತ್ತುವುದನ್ನು ಶುರು ಮಾಡಿ. ಮನೆಯಲ್ಲಿ ಒಬ್ಬರಾದರೂ ಇದನ್ನು ಕೈಯಾರೆ ಕಲಿತಿರಬೇಕು.

ಹೆಜ್ಜೆ 9: ಮತ್ತೆ ಪರೀಕ್ಷೆ

ಲಕ್ವಾ ಆದ ಬಹಳ ಜನರಿಗೆ ಮೊದಲ ಕೆಲವು ವಾರಗಳಲ್ಲೇ ನುಂಗುವುದು ಸುಧಾರಿಸುತ್ತದೆ. ಹಾಗಂತ ನೀವೇ ಮಟ್ಟ ಏರಿಸಬೇಡಿ. ಹಾಗೆಯೇ ಪರೀಕ್ಷೆಗೆ ಹೋಗದೆ ವರ್ಷಗಟ್ಟಲೆ ರುಬ್ಬಿದ್ದನ್ನೇ ಕೊಡುತ್ತ ಕೂರುವುದೂ ತಪ್ಪು. ಪಾರ್ಕಿನ್ಸನ್, ಮರೆವಿನ ಕಾಯಿಲೆಯಲ್ಲಿ ಇದು ಕಾಲ ಕಳೆದಂತೆ ಹೆಚ್ಚಾಗಬಹುದು, ಅದಕ್ಕೂ ಪರೀಕ್ಷೆ ಬೇಕು. ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ: ಯಾವುದು ತಿಂದಾಗ ಕೆಮ್ಮು ಬಂತು, ಎಷ್ಟು ಹೊತ್ತು ಹಿಡಿಯಿತು, ತೂಕ ಎಷ್ಟು. ಮೊಬೈಲಿನಲ್ಲಿ ಊಟದ ಎರಡು ನಿಮಿಷದ ವಿಡಿಯೊ ತೋರಿಸಿದ್ದು ನಮಗೆ ಬಹಳ ಉಪಯೋಗವಾಯಿತು. ಆಸ್ಪತ್ರೆಯಲ್ಲಿ ಮಾವ ನೆಟ್ಟಗೆ ಕೂತು ಎಲ್ಲ ಸರಿಯಾಗಿ ನುಂಗಿ ತೋರಿಸುತ್ತಿದ್ದರು, ಮನೆಯಲ್ಲಿ ಹಾಗಲ್ಲ.

ಮೂರನೇ ಪರೀಕ್ಷೆಯಲ್ಲಿ ಅವರ ಊಟ ಮಟ್ಟ 5ಕ್ಕೆ ಬಂತು, ಚಾ ಮಟ್ಟ 2ಕ್ಕೆ. ಬಟ್ಟಲಿನಿಂದ ತಾವೇ ಸಣ್ಣ ಗುಟುಕು ತಗೊಳ್ಳುತ್ತಾರೆ. ಕಡಕ್ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಮಾತ್ರ ಇವತ್ತಿಗೂ ಅಡುಗೆಮನೆ ಬಾಗಿಲ ಕಡೆ ನೋಡುತ್ತಾರೆ. 'ಸೋಮವಾರ ಡಾಕ್ಟರ್ ಹತ್ರ ಕೇಳೋಣಂತ್ರೀ ಮಾವ' ಅನ್ನುತ್ತೇನೆ. 'ಹೋದ ಸೋಮವಾರನೂ ಇದನ್ನ ಅಂದಿದ್ದಿ' ಅನ್ನುತ್ತಾರೆ. ಮಾತು ಈಗ ಅಷ್ಟು ಸ್ಪಷ್ಟ ಬರುತ್ತಿದೆ.